ಡಿಲಕ್ಸ್ ಟೇಬಲ್ಲೋ, ನಾಲ್ಕು ಕಾಲಿನ ಸಾದಾ ಟೇಬಲ್ಲೋ: ಕ್ಲಿನಿಕ್ಕಿನ ಎಕ್ಸಾಮಿನೇಶನ್ ಟೇಬಲ್ ವಿಮರ್ಶೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವುದೇ ಸರ್ಜಿಕಲ್ ಅಂಗಡಿಗೆ ಹೋಗಿ ಹೊಸ ಕ್ಲಿನಿಕ್ ಹಾಕ್ತಿದ್ದೀವಿ ಅಂದರೆ ಮೊದಲು ತೋರಿಸುವುದು ಡಿಲಕ್ಸ್ ಎಕ್ಸಾಮಿನೇಶನ್ ಟೇಬಲ್ಲನ್ನೇ. ಮೇಲೆ ದಪ್ಪ ಗಾದಿ, ಕೆಳಗೆ ಬಿಳಿ ಬಣ್ಣದ ಕಪಾಟು, 3 ಡ್ರಾವರ್, ಎಳೆದರೆ ಹೊರಗೆ ಬರುವ ಮೆಟ್ಟಿಲು. ರೂಮಿಗೆ ಒಂದು ಗತ್ತು ಬರುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದಿನಕ್ಕೆ 40-50 ಮಂದಿಯನ್ನು ನೋಡುವ ಜನರಲ್ ಪ್ರಾಕ್ಟೀಸಿಗೆ ಇದನ್ನು ಕೊಳ್ಳಬೇಡಿ. ಬೆನ್ನಿನ ಭಾಗ ಏಳುವ, ನಾಲ್ಕು ಕಾಲಿನ, ಕೆಳಗೆ ಖಾಲಿ ಇರುವ ಟೇಬಲ್ ತಗೊಂಡು, ಉಳಿದ ದುಡ್ಡನ್ನು ಒಳ್ಳೆಯ ಮೆಟ್ಟಿಲ ಸ್ಟೂಲು, ಲೈಟು, ಪಡದೆಗೆ ಹಾಕಿ. ಸಾದಾ ಟೇಬಲ್ ಸುಮಾರು 5ರಿಂದ 9 ಸಾವಿರದೊಳಗೆ ಸಿಗುತ್ತದೆ, ಕಪಾಟಿನದು 15 ಸಾವಿರ ದಾಟಿ ಮೇಲಕ್ಕೇ ಹೋಗುತ್ತದೆ. ಇಲ್ಲಿಯ ಅಂಗಡಿಗಳಿಗೂ ಮಾಲು ಬಹುತೇಕ ಹೊರಗಿನಿಂದ ಬರುವುದರಿಂದ ಟೆಂಪೋ ಬಾಡಿಗೆ ಯಾರ ತಲೆಗೆ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಕಪಾಟಿನ ಟೇಬಲ್ಲಿನ ದೊಡ್ಡ ತೊಂದರೆ ಅಂಗಡಿಯಲ್ಲಿ ಕಾಣುವುದೇ ಇಲ್ಲ, ರೂಮಿಗೆ ತಂದಿಟ್ಟ ಮೇಲೆ ಕಾಣುತ್ತದೆ. ಡಾಕ್ಟರು ರೋಗಿಯ ಬಲಗಡೆ ನಿಂತು ಪರೀಕ್ಷೆ ಮಾಡುತ್ತಾರೆ. ಹೊಟ್ಟೆ ಮುಟ್ಟಿ ಲಿವರ್ ನೋಡುವುದರಿಂದ ಹಿಡಿದು ಎದೆ ಬಡಿತ ಕೇಳುವವರೆಗೆ ಎಲ್ಲವನ್ನೂ ಕಾಲೇಜಿನಲ್ಲಿ ಬಲಗಡೆಯಿಂದಲೇ ಕಲಿಸಿರುತ್ತಾರೆ. ಹಾಗಾಗಿ ಟೇಬಲ್ಲಿನ ಎಡ ಮಗ್ಗುಲು ಗೋಡೆಗೆ, ಬಲ ಮಗ್ಗುಲು ರೂಮಿಗೆ. ಆದರೆ ಡ್ರಾವರ್ ಇರುವುದು ಒಂದೇ ಕಡೆ, ಬೆನ್ನು ಏಳುವುದೂ ಒಂದೇ ತುದಿಯಲ್ಲಿ. ತಲೆ ಯಾವ ಕಡೆ ಎಂದು ಟೇಬಲ್ ನಿರ್ಧರಿಸಿಬಿಟ್ಟಿರುತ್ತದೆ, ನಿಮ್ಮ ರೂಮಿನ ಬಾಗಿಲು, ಕಿಟಕಿ, ಪ್ಲಗ್ ಪಾಯಿಂಟ್ ಅದಕ್ಕೆ ಹೊಂದಿಕೊಳ್ಳಬೇಕು. ಹೊಂದದಿದ್ದರೆ ಎರಡೇ ದಾರಿ: ಡ್ರಾವರುಗಳು ಗೋಡೆ ಕಡೆ ತಿರುಗಿ ತೆರೆಯಲಿಕ್ಕೇ ಬರುವುದಿಲ್ಲ, ಇಲ್ಲವೇ ಡಾಕ್ಟರು ಎಡಗಡೆ ನಿಂತು ಒದ್ದಾಡುತ್ತಾರೆ. ಕಪಾಟಿನದೇ ಬೇಕೆಂದು ಹಟ ಇದ್ದರೆ ಆರ್ಡರ್ ಚೀಟಿಯಲ್ಲಿ "ಅಂಗಾತ ಮಲಗಿದ ರೋಗಿಯ ಬಲಗಡೆ ಡ್ರಾವರ್" ಎಂದು ಬರೆಸಿ. ಬರೀ "ರೈಟ್ ಸೈಡ್" ಎಂದರೆ ಫ್ಯಾಬ್ರಿಕೇಟರ್ ಟೇಬಲ್ಲಿನ ಎದುರು ತಾನು ನಿಂತ ಬಲಗಡೆ ಎಂದುಕೊಳ್ಳುತ್ತಾನೆ.

ಎರಡನೆಯದು ಕಾಲ್ಬೆರಳಿಗೆ ಜಾಗ. ತೆರೆದ ಟೇಬಲ್ಲಿಗೆ ಮೈ ತಾಗುವಷ್ಟು ಹತ್ತಿರ ನಿಂತರೆ ಪಾದದ ಮುಂಭಾಗ ಕೆಳಗೆ ಹೋಗುತ್ತದೆ. ಕಪಾಟು ನೆಲದವರೆಗೂ ಇದ್ದರೆ ಬೂಟಿನ ತುದಿ ತಾಗಿ ಅರ್ಧ ಅಡಿ ಹಿಂದೆಯೇ ನಿಲ್ಲಬೇಕು. ಅಲ್ಲಿಂದ ಬಗ್ಗಿ ಬಗ್ಗಿ ನೋಡಿ ಸಂಜೆಗೆ ಡಾಕ್ಟರ ಸೊಂಟಕ್ಕೇ ಔಷಧಿ ಬೇಕಾಗುತ್ತದೆ. ಕಪಾಟಿನ ಅಡಿಯಲ್ಲಿ 4 ಇಂಚು ಎತ್ತರ, 3 ಇಂಚು ಆಳ ಒಳಗೆ ತೆಗೆದಿದ್ದರೆ ಪರವಾಗಿಲ್ಲ, ಅಂಥ ಮಾದರಿ ಕಡಿಮೆ. ಜಿರಳೆ, ನೆಲ ಒರೆಸಲು ಬಾರದ ಮೂಲೆ, ಡ್ರಾವರಿನಲ್ಲಿ ಮರೆತುಹೋದ ಅವಧಿ ಮುಗಿದ ಗಾಜ್ ಬಟ್ಟೆ, ಇವುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ.

ಈಗ ಎತ್ತರ. ಟೇಬಲ್ ಸಾಮಾನ್ಯವಾಗಿ 6 ಅಡಿ ಉದ್ದ, 2 ಅಡಿ ಅಗಲ, ಗಾದಿ ಸೇರಿ 32 ಇಂಚು ಎತ್ತರ ಇರುತ್ತದೆ. ನಿಂತು ನೋಡುವ ಡಾಕ್ಟರಿಗೆ ಇದು ಸರಿ. ಹತ್ತುವವರ ಕಡೆಯಿಂದ ನೋಡಿದರೆ ಕಥೆಯೇ ಬೇರೆ. ನಮ್ಮ ಕಡೆ ಓಪಿಡಿಗೆ ಬರುವವರಲ್ಲಿ ಮೊಣಕಾಲು ಸವೆದ, ಸೀರೆ ಉಟ್ಟ ವಯಸ್ಸಾದ ಹೆಣ್ಣುಮಕ್ಕಳು ಬಹಳ. ಟೇಬಲ್ ಜೊತೆ ಪುಕ್ಕಟೆ ಕೊಡುವ ಒಂಟಿ ಮೆಟ್ಟಿಲಿನ ಸ್ಟೂಲು 8-9 ಇಂಚು ಎತ್ತರ. ಅದರ ಮೇಲೆ ನಿಂತರೂ ಗಾದಿ ಇನ್ನೂ 23-24 ಇಂಚು ಮೇಲೆಯೇ ಇರುತ್ತದೆ. ಗಿಡ್ಡ ಮೈಕಟ್ಟಿನವರ ಕುಂಡಿ ಗಾದಿಯ ಅಂಚಿಗೆ ಮಾತ್ರ ಆನುತ್ತದೆ, ಹಿಂದೆ ಸರಿಯಲು ಕಾಲಿಗೆ ಒತ್ತು ಸಿಗುವುದಿಲ್ಲ. "ಯವ್ವಾ, ಇನ್ನೊಂಚೂರು ಹಿಂದ ಸರೀರಿ" ಎಂದು ನರ್ಸ್ ಹೇಳುತ್ತಲೇ ಇರುತ್ತಾಳೆ, "ಹೆಂಗ ಸರೀಲಿ ತಂಗಿ, ಕಾಲಿಗೆ ಆಸರಾನ ಇಲ್ಲ" ಎಂಬ ಉತ್ತರ ಬರುತ್ತಲೇ ಇರುತ್ತದೆ. ಕೊನೆಗೆ ಇಬ್ಬರು ಸೇರಿ ಬಗಲಿಗೆ ಕೈ ಹಾಕಿ ಎಳೆಯುವುದು. ಅಲ್ಲಿಗೆ ಭುಜದ ನೋವೂ ಶುರು.

ಬೇಕಾದದ್ದು ಡಬಲ್ ಸ್ಟೆಪ್ ಸ್ಟೂಲು: ಮೊದಲ ಮೆಟ್ಟಿಲು 8 ಇಂಚು, ಎರಡನೆಯದು 16 ಇಂಚು. ಮೇಲಿನ ಮೆಟ್ಟಿಲಲ್ಲಿ ನಿಂತಾಗ ಗಾದಿ ಬರೀ 16 ಇಂಚು ಮೇಲಿರುತ್ತದೆ, ಗಿಡ್ಡ ಕುರ್ಚಿಯ ಎತ್ತರ, ಯಾರು ಬೇಕಾದರೂ ಕೂಡಬಹುದು. ಮೆಟ್ಟಿಲಿನ ಆಳ ಕನಿಷ್ಠ 10 ಇಂಚು ಇರಲಿ, ಮೇಲೆ ಗೀರುಗಳಿರುವ ರಬ್ಬರ್ ಶೀಟನ್ನು ಅಂಟಿಸಿದ್ದಷ್ಟೇ ಅಲ್ಲ, ಅಂಚಿನಲ್ಲಿ ಅಲ್ಯುಮಿನಿಯಂ ಪಟ್ಟಿ ಹಾಕಿ ರಿವೆಟ್ ಹೊಡೆದಿರಬೇಕು. ಬರೀ ಅಂಟು ಬಿಸಿಲುಗಾಲದಲ್ಲಿ ಬಿಡುತ್ತದೆ, ಎದ್ದ ಅಂಚಿಗೆ ಸೀರೆಯ ನೆರಿಗೆ ಸಿಕ್ಕಿ ಬೀಳುವುದು ಅಲ್ಲಿಯೇ. ಒಂದು ಕಡೆ 3 ಅಡಿ ಎತ್ತರದ ಹಿಡಿಕೆ ಇರುವ ಸ್ಟೂಲಿಗೆ ಸ್ವಲ್ಪ ಹೆಚ್ಚಿಗೆ ಕೊಟ್ಟರೂ ನಷ್ಟವಿಲ್ಲ. ಹಿಡಿಕೆ ಇರುವ ಸ್ಟೂಲಿನ ಬುಡ ಅಗಲವಾಗಿರಬೇಕು, ಇಲ್ಲದಿದ್ದರೆ ಹಿಡಿಕೆಗೆ ಜೋತುಬಿದ್ದಾಗ ಸ್ಟೂಲೇ ವಾಲುತ್ತದೆ. ಕೆಲಸ ಆದ ಮೇಲೆ ಹಿಡಿಕೆ ಇಲ್ಲದ ಸ್ಟೂಲನ್ನು ತೆರೆದ ಟೇಬಲ್ಲಿನ ಕೆಳಗೆ ಕಾಲಿನಿಂದ ತಳ್ಳಿಬಿಡಬಹುದು. ಕಪಾಟಿನ ಟೇಬಲ್ಲಿಗೆ ಆ ಸೌಕರ್ಯ ಇಲ್ಲ. ಅದರಲ್ಲಿರುವ ಎಳೆಯುವ ಮೆಟ್ಟಿಲಂತೂ ಹೊರಗೆ ಚಾಚಿ ನಿಂತು ಪೂರ್ತಿ ಭಾರವನ್ನು ಎರಡು ತೆಳು ರನ್ನರ್ (ಡ್ರಾವರ್ ಜಾರುವಂಥ ಪಟ್ಟಿ) ಮೇಲೆ ಹಾಕುತ್ತದೆ. ಮೆಟ್ಟಿಲಿಗೆ ತನ್ನದೇ ಕಾಲು ಅಥವಾ ಗಾಲಿ ನೆಲಕ್ಕೆ ತಾಗುವಂತೆ ಇಲ್ಲದಿದ್ದರೆ ರನ್ನರ್ ಬಾಗುವುದು ಖಂಡಿತ. ಬಾಗಿದ ಮೇಲೆ ಒಳಗೂ ಹೋಗದು, ಹೊರಗೂ ಬಾರದು.

ಚೌಕಟ್ಟಿನ ವಿಷಯಕ್ಕೆ ಬಂದರೆ, ಪೈಪ್ ಒಂದೂಕಾಲು ಇಂಚಿನದು, 16 ಗೇಜ್ ಇರಬೇಕು, ಅಂದರೆ ಗೋಡೆಯ ದಪ್ಪ 1.6 ಮಿಲಿಮೀಟರ್. ಅಗ್ಗದ ಮಾಲಿನಲ್ಲಿ 18 ಗೇಜ್, 1.2 ಮಿಲಿಮೀಟರ್ ಇರುತ್ತದೆ. ಬಣ್ಣ ಬಳಿದ ಮೇಲೆ ಹೊರಗಿನಿಂದ ಎರಡೂ ಒಂದೇ. ಟೇಬಲ್ ಕಾಲಿನ ತುದಿಗೆ ಹಾಕಿದ ರಬ್ಬರ್ ಬೂಟ್ ಕಿತ್ತು ತೆರೆದ ತುದಿಗೆ ದಪ್ಪ ಅಳೆಯುವ ವರ್ನಿಯರ್ ಹಿಡಿಯಿರಿ, ಅಂಗಡಿಯವನು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. 18 ಗೇಜ್ ಪೈಪ್ ಮುರಿಯುವುದಿಲ್ಲ, ಆದರೆ ರಾಚೆಟ್ (ಬೆನ್ನಿನ ಭಾಗವನ್ನು ಎತ್ತಿ ನಿಲ್ಲಿಸುವ ಹಲ್ಲಿನ ಪಟ್ಟಿ) ಕೂತ ಜಾಗದಲ್ಲಿ ಪಿನ್ನಿನ ತೂತು ಅಂಡಾಕಾರ ಆಗುತ್ತ ಹೋಗುತ್ತದೆ, ಟೇಬಲ್ ಕಟಕಟ ಅನ್ನಲು ಶುರುಮಾಡುತ್ತದೆ. ಬೆನ್ನಿನ ಭಾಗದ ಕೀಲಿನ ಕೆಳಗೆ ಅಡ್ಡಪೈಪ್ ಇದೆಯೇ ನೋಡಿ, ಕೂಡುವವರ ಭಾರವೆಲ್ಲ ಬೀಳುವುದು ಅಲ್ಲಿ.

ಕಾಲುಗಳು ಟೇಬಲ್ಲಿನ ತುದಿಯಿಂದ ಎಷ್ಟು ಒಳಗಿವೆ ಎಂಬುದನ್ನು ಯಾರೂ ಅಳೆಯುವುದಿಲ್ಲ. ಚೆಂದ ಕಾಣಲೆಂದು 10 ಇಂಚು ಒಳಗೆ ಇಟ್ಟಿರುತ್ತಾರೆ. ಟೇಬಲ್ ಹಗುರವಾಗಿದ್ದು, 90 ಕಿಲೋ ತೂಕದವರೊಬ್ಬರು ಕಾಲಿನ ಕಡೆಯ ಅಂಚಿನಲ್ಲಿ ಕೂತರೆ ತಲೆಯ ಕಡೆ ತಕ್ಕಡಿಯ ಹಾಗೆ ಮೇಲೇಳುತ್ತದೆ. 4 ಇಂಚಿಗಿಂತ ಹೆಚ್ಚು ಒಳಗೆ ಇರಬಾರದು. ಅಂಗಡಿಯಲ್ಲಿರುವ ದಪ್ಪನೆಯ ಮನುಷ್ಯನನ್ನೇ ಆ ತುದಿಯಲ್ಲಿ ಕೂಡಿಸಿ ನೋಡಿ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ನಮ್ಮ ಭಾಗದ ಹಳೆ ಕಟ್ಟಡಗಳಲ್ಲಿ ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಸಿರುತ್ತಾರೆ, ಒಂದು ಫರ್ಸಿ ಮೇಲೆ ಒಂದು ಕೆಳಗೆ. ನಾಲ್ಕು ಕಾಲಿನ ಟೇಬಲ್ ಇಂಥಲ್ಲಿ ಮೂರೇ ಕಾಲಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಬೂಟ್ ಕೇಳಿ ಹಾಕಿಸಿಕೊಳ್ಳಿ, ಕಾಗದ ಮಡಚಿ ಇಡುವ ಕೆಲಸ ತಪ್ಪುತ್ತದೆ. ಟೇಬಲ್ಲಿಗೆ ತುಕ್ಕು ಹಿಡಿಯುವುದು ಕೆಳಗಿನಿಂದಲೇ: ದಿನಾ ನೆಲ ಒರೆಸಿದ ನೀರು ರಬ್ಬರ್ ಬೂಟಿನೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ವಿಜಯಪುರದ ಕಡೆ ಮಳೆ ಕಡಿಮೆ, ಆದರೆ ಬೋರ್‌ವೆಲ್ಲಿನ ಸವಳು ನೀರಿನಿಂದ ಒರೆಸಿದರೆ ಉಪ್ಪಿನಂಶ ಬೂಟಿನೊಳಗೆ ಕೂತು ಅದೇ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಬೂಟ್ ಬಿಚ್ಚಿ ಒರೆಸಿ, ಪೈಪಿನ ತುದಿಗೆ ಸ್ವಲ್ಪ ಗ್ರೀಸ್ ಸವರಿದರೆ ಸಾಕು.

ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು ಅನ್ನುವವರಿಗೆ ಒಂದು ಮಾತು. 304 ದರ್ಜೆಯ ಸ್ಟೀಲ್ ಎಂದು ಹೇಳಿ ಅದಕ್ಕಿಂತ ಅಗ್ಗದ 202 ಕೊಡುವುದು ಈ ಧಂದೆಯಲ್ಲಿ ಹೊಸದಲ್ಲ. ಅಯಸ್ಕಾಂತ ಹಿಡಿದು ನೋಡುವುದರಿಂದ ಗೊತ್ತಾಗುವುದಿಲ್ಲ, ಎರಡಕ್ಕೂ ಅದು ಗಟ್ಟಿಯಾಗಿ ಅಂಟುವುದಿಲ್ಲ. ಸ್ಟೀಲ್ ಅಂಗಡಿಯವರ ಹತ್ತಿರ ಪರೀಕ್ಷೆಯ ದ್ರಾವಣದ ಸಣ್ಣ ಬಾಟಲಿ ಇರುತ್ತದೆ. ಒಂದು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ತಾಗಿಸಿದರೆ ಮ್ಯಾಂಗನೀಸ್ ಹೆಚ್ಚಿರುವ 202 ಕೆಂಪಾಗುತ್ತದೆ. ಪರೀಕ್ಷೆಯ ರೂಮಿಗೆ 60-80 ಮೈಕ್ರಾನ್ ಪೌಡರ್ ಕೋಟಿಂಗ್ ಆದ ಕಬ್ಬಿಣವೇ ಸಾಕು. ಸ್ಟೀಲಿನ ದುಡ್ಡು ಡ್ರೆಸ್ಸಿಂಗ್ ಟ್ರಾಲಿಗೆ ಇರಲಿ.

ಬೆನ್ನಿನ ಭಾಗವೇ ಈ ಟೇಬಲ್ಲಿನ ಜೀವ. ದಮ್ಮಿನವರಿಗೆ, ಹಾರ್ಟ್ ದುರ್ಬಲ ಇದ್ದವರಿಗೆ ಅಂಗಾತ ಮಲಗಲು ಆಗುವುದಿಲ್ಲ. ಕುತ್ತಿಗೆಯ ರಕ್ತನಾಳದ ಒತ್ತಡ ನೋಡಲು 45 ಡಿಗ್ರಿಯಲ್ಲಿ ಒರಗಿಸಬೇಕು. ಬೆನ್ನು ಏಳದ ಸಪಾಟು ಟೇಬಲ್ಲಿನಲ್ಲಿ ಎರಡು ದಿಂಬು ಇಟ್ಟು ಸುಮಾರಿಗೆ ನೋಡುತ್ತಾರೆ, ಅದು ಲೆಕ್ಕಕ್ಕಿಲ್ಲ. ಅಗ್ಗದ ಟೇಬಲ್ಲುಗಳಲ್ಲಿ ಬೆನ್ನಿನ ಭಾಗದ ಉದ್ದ 24 ಇಂಚು ಅಥವಾ ಅದಕ್ಕೂ ಕಡಿಮೆ. ಐದೂವರೆ ಅಡಿ ಎತ್ತರದವರ ಸೊಂಟದಿಂದ ನೆತ್ತಿಯವರೆಗೆ ಹೆಚ್ಚುಕಡಿಮೆ 34 ಇಂಚು ಆಗುತ್ತದೆ. ಸೊಂಟ ಕೀಲಿನ ಮೇಲೆ ಸರಿಯಾಗಿ ಕೂತರೆ ಗಾದಿ ಹೆಗಲಿಗೇ ಮುಗಿದು ತಲೆ ಹಿಂದೆ ಜೋತು ಬೀಳುತ್ತದೆ. ತಲೆಗೆ ಆಸರೆ ಬೇಕೆಂದು ಅವರು ಕೆಳಗೆ ಜಾರುತ್ತಾರೆ, ಆಗ ಕೀಲು ಬೆನ್ನಿನ ನಡುವಿಗೆ ಬರುತ್ತದೆ, ಹೊಟ್ಟೆ ಮಡಚುತ್ತದೆ, ಕುತ್ತಿಗೆ ಮುಂದೆ ಬಾಗುತ್ತದೆ. ಕುತ್ತಿಗೆಯ ರಕ್ತನಾಳವೂ ಕಾಣದು, ಉಸಿರೂ ಸರಾಗ ಆಗದು. 30 ಇಂಚಿಗಿಂತ ಕಡಿಮೆ ಉದ್ದದ್ದನ್ನು ಮುಟ್ಟಬೇಡಿ. ಟೇಪ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಎತ್ತಲು ರಾಚೆಟ್ ಪಟ್ಟಿ ಇರುತ್ತದೆ. ಮೇಲಕ್ಕೆ ಎತ್ತಿದಂತೆ ಒಂದೊಂದೇ ಹಲ್ಲಿಗೆ ಕೂಡುತ್ತದೆ, ಪೂರ್ತಿ ಮೇಲೆ ಎತ್ತಿದಾಗ ಕೊಕ್ಕೆ ಬಿಟ್ಟುಕೊಂಡು ಕೆಳಗೆ ಇಳಿಯುತ್ತದೆ. ಇದು ಎರಡೂ ಪಕ್ಕ ಇರಬೇಕು. ಒಂದೇ ಪಕ್ಕ ಇದ್ದರೆ ಇನ್ನೊಂದು ಪಕ್ಕ ಕೆಳಗೆ ಜಗ್ಗಿ ಬೆನ್ನಿನ ಹಲಗೆ ತಿರುಚುತ್ತದೆ, ಒಂದು ಮೂಲೆಯ ಬೆಸುಗೆ ಬಿಡುತ್ತದೆ. ಎರಡೂ ಪಕ್ಕ ಇದ್ದಾಗಲೂ ಹಲ್ಲುಗಳು ಒಂದೇ ಮಟ್ಟದಲ್ಲಿ ಕೂಡುತ್ತವೆಯೇ ನೋಡಿ: ಮೆಲ್ಲಗೆ ಎತ್ತಿದಾಗ ಎರಡೂ ಕಡೆ ಒಂದೇ ಸಲ "ಟಕ್" ಅನ್ನಬೇಕು, ಟಕ್-ಟಕ್ ಎಂದು ಹಿಂದೆಮುಂದೆ ಕೇಳಿದರೆ ಆ ಟೇಬಲ್ ಬೇಡ. ರೋಗಿ ಒರಗಿದ್ದಾಗ ಒಂದು ಪಕ್ಕದ ಹಲ್ಲು ಅರ್ಧಂಬರ್ಧ ಕೂತಿದ್ದರೆ ಕೆಮ್ಮಿದ ರಭಸಕ್ಕೇ ಜಾರುತ್ತದೆ. ಹಲ್ಲಿನ ಪಟ್ಟಿ ತಗಡನ್ನು ಕತ್ತರಿಸಿದ್ದಾಗಿದ್ದರೆ ವರ್ಷದೊಳಗೆ ತುದಿಗಳು ದುಂಡಾಗುತ್ತವೆ, 5 ಮಿಲಿಮೀಟರ್ ಪಟ್ಟಿ ಇರಲಿ. ಬೆರಳು ಸಿಕ್ಕುವ ಜಾಗವೂ ಇದೇ. ಇಳಿಸುವಾಗ ಹಿಡಿಯಬೇಕಾದದ್ದು ತಲೆಯ ಕಡೆಯ ಅಂಚನ್ನು, ಪಕ್ಕದ ಪೈಪನ್ನಲ್ಲ. ಇದನ್ನು ಹೊಸ ಸಿಬ್ಬಂದಿಗೆ ಮೊದಲ ದಿನವೇ ತೋರಿಸಿ.

ರಾಚೆಟ್ ಬದಲು ಗ್ಯಾಸ್ ಸ್ಪ್ರಿಂಗ್ (ಅನಿಲ ತುಂಬಿದ ಒತ್ತು ಕೊಳವೆ) ಇರುವ ಮಾದರಿಗಳೂ ಬಂದಿವೆ. ಹಿಡಿಕೆ ಒತ್ತಿ ಬೆನ್ನನ್ನು ಎತ್ತಿ ಇಳಿಸಿ, ಹಿಡಿಕೆ ಬಿಟ್ಟರೆ ಬೇಕಾದಲ್ಲಿ ನಿಲ್ಲುತ್ತದೆ, ಬಳಸಲು ಸುಖ. ಸ್ಪ್ರಿಂಗಿನ ಬಲ ಹೆಚ್ಚಾಗಿದ್ದರೆ ಖಾಲಿ ಟೇಬಲ್ಲಿನ ಬೆನ್ನು ಹಿಡಿಕೆ ಒತ್ತಿದ ಕೂಡಲೇ ಮುಖಕ್ಕೆ ಹೊಡೆಯುವಂತೆ ಮೇಲೇಳುತ್ತದೆ. ಕಾಲ ಕಳೆದಂತೆ ಅನಿಲ ಸೋರಿ ಬಲ ಇಳಿಯುತ್ತದೆ, ಆಗ ರಿಪೇರಿ ಇಲ್ಲ, ಬದಲಾಯಿಸುವುದೇ. ಅದೇ ಅಳತೆಯ ಸ್ಪ್ರಿಂಗ್ ನಿಮ್ಮ ಊರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಯೇ ಕೊಳ್ಳಿ. ರಾಚೆಟ್ ಆದರೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೇ ಹೋಗಬೇಕೆಂದಿಲ್ಲ, ತಾಲೂಕಿನ ವೆಲ್ಡಿಂಗ್ ಅಂಗಡಿಯಲ್ಲೂ ಸರಿ ಮಾಡಿಕೊಡುತ್ತಾರೆ.

ಗಾದಿ ನೋಡುವಾಗ ಮೇಲೆ ಒತ್ತಿ ಮೆತ್ತಗಿದೆ ಎನ್ನುವುದಲ್ಲ, ತಿರುಗಿಸಿ ಅಡಿಯಲ್ಲಿ ನೋಡಬೇಕು. ಹಲಗೆ 12 ಮಿಲಿಮೀಟರ್ ಪ್ಲೈವುಡ್ ಇರಲಿ. ಪಾರ್ಟಿಕಲ್ ಬೋರ್ಡ್ ಆದರೆ ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಸ್ಟೇಪಲ್ ಪಿನ್ನುಗಳೆಲ್ಲ ಉದುರುತ್ತವೆ. ಹಲಗೆಯಲ್ಲಿ ಬೆರಳು ಗಾತ್ರದ ನಾಲ್ಕೈದು ತೂತು ಇರಬೇಕು. ಮಂದಿ ಕೂತಾಗ ಫೋಮಿನೊಳಗಿನ ಗಾಳಿ ಅಲ್ಲಿಂದ ಹೊರಹೋಗುತ್ತದೆ. ತೂತಿಲ್ಲದಿದ್ದರೆ ಆ ಗಾಳಿ ಹೊಲಿಗೆಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಫೋಮ್ 40 ಡೆನ್ಸಿಟಿ, ಅಂದರೆ ಘನ ಮೀಟರಿಗೆ 40 ಕಿಲೋ, ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಸುಲಭ: 6 ಅಡಿ ಉದ್ದ, 2 ಅಡಿ ಅಗಲ, 2 ಇಂಚು ದಪ್ಪದ ಫೋಮ್ ಅಂದರೆ 2 ಘನ ಅಡಿ. 40 ಡೆನ್ಸಿಟಿ ಆದರೆ ಅದು ಸುಮಾರು 2 ಕಿಲೋ 250 ಗ್ರಾಂ ತೂಗಬೇಕು, 32 ಆದರೆ 1 ಕಿಲೋ 800. ಒಂದು ಕಿಲೋ ಆಸುಪಾಸು ಬಂದರೆ ಅದು 18ರದ್ದು, ಆರು ತಿಂಗಳಲ್ಲಿ ಕುಂಡಿ ಕೂತ ಜಾಗದಲ್ಲಿ ತಗ್ಗು ಬಿದ್ದು ಹಲಗೆ ಒತ್ತಲು ಶುರುವಾಗುತ್ತದೆ. ಮಾಡಿಸುವುದಾದರೆ ಗಾದಿ ಕಟ್ಟುವ ಮೊದಲು ತೂಗಿಸಿ.

ಗಾದಿಗೆ ಹೊದಿಸಿದ ರೆಕ್ಸಿನ್ ಎಲ್ಲಿ ಮೊದಲು ಸೀಳುತ್ತದೆ ಬಲ್ಲಿರೇನು? ಕೂಡುವ ಜಾಗದಲ್ಲಲ್ಲ, ತಲೆ ಇಡುವ ಜಾಗದಲ್ಲಿ. ರೆಕ್ಸಿನ್ ಮೆತ್ತಗಿರುವುದು ಅದರೊಳಗೆ ಸೇರಿಸಿದ ಎಣ್ಣೆಯಂಥ ಪದಾರ್ಥದಿಂದ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅದನ್ನು ಹೀರಿ ಹೊರಗೆ ಎಳೆಯುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಕೆ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಮೊದಲು ಜಾಗ ಹೊಳೆಯುತ್ತದೆ, ಆಮೇಲೆ ಗಟ್ಟಿಯಾಗಿ ಹಪ್ಪಳಿಸುತ್ತದೆ, ಆಮೇಲೆ ಕೂದಲೆಳೆಯಂಥ ಬಿರುಕು. ಸ್ಪಿರಿಟ್ ಹಾಕಿ ದಿನಾ ಉಜ್ಜುವುದೂ ಇದನ್ನೇ ಮಾಡುತ್ತದೆ. ಬಿರುಕಿನಲ್ಲಿ ಇಳಿದ ರಕ್ತ, ಕೀವು ಯಾವ ಔಷಧಿಗೂ ಸಿಗುವುದಿಲ್ಲ, ಆದ್ದರಿಂದ ಬಿರುಕು ಬಿಟ್ಟ ರೆಕ್ಸಿನ್ನಿಗೆ ಟೇಪ್ ಅಂಟಿಸುವುದು ಬೇಡ, ಬದಲಾಯಿಸಿ. ತಲೆಯ ಕಡೆ ಮೊದಲಿನಿಂದಲೇ ಹತ್ತಿ ಬಟ್ಟೆಯ ಹೊದಿಕೆ ಹಾಕಿ, ಒಬ್ಬೊಬ್ಬರಿಗೂ ಬದಲಿಸುವಂತೆ 20-25 ತುಂಡು ಹೊಲಿಸಿಟ್ಟುಕೊಂಡರೆ ಆಯಿತು. ಮೇಲ್ಭಾಗದಲ್ಲಿ ನಡುವೆ ಹೊಲಿಗೆ, ಗುಂಡಿ, ಅಂಚಿಗೆ ಪೈಪಿಂಗ್ ಇರುವ ಗಾದಿ ಸೋಫಾಕ್ಕೆ ಸರಿ, ಇಲ್ಲಿಗಲ್ಲ. ಒಂದೇ ತುಂಡು ರೆಕ್ಸಿನ್ ಎಳೆದು ಅಡಿಯಲ್ಲಿ ಹೊಡೆದಿರಬೇಕು.

ದಿನನಿತ್ಯ ಸೋಪಿನ ನೀರಿನ ಬಟ್ಟೆ, ಮೇಲೆ ಒಣ ಬಟ್ಟೆ ಸಾಕು. ರಕ್ತ, ವಾಂತಿ ಬಿದ್ದಾಗ ಮೊದಲು ಹೀರುವ ಕಾಗದ ಅಥವಾ ಬಟ್ಟೆ ಹಾಸಿ, ಅದರ ಮೇಲೆ 1 ಪ್ರತಿಶತ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು 10 ನಿಮಿಷ ಬಿಟ್ಟು ತೆಗೆಯಬೇಕು, ಆ ಕಾಗದ, ಬಟ್ಟೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ. ಕೊನೆಗೆ ಬರೀ ನೀರಿನಿಂದ ಒರೆಸುವುದನ್ನು ಬಿಡಬಾರದು, ಬಿಟ್ಟರೆ ರೆಕ್ಸಿನ್ ಬೆಳ್ಳಗಾಗಿ ಸುಣ್ಣ ಬಳಿದಂತೆ ಆಗುತ್ತದೆ, ಪೈಪಿನ ಬಣ್ಣ ಏಳುತ್ತದೆ. ಕ್ಯಾನ್ ಮೇಲೆ 5 ಪ್ರತಿಶತ ಎಂದಿದ್ದರೆ 1 ಪಾಲಿಗೆ 4 ಪಾಲು ನೀರು, 10 ಎಂದಿದ್ದರೆ 9 ಪಾಲು. ಬೆರೆಸಿದ್ದನ್ನು ಅದೇ ದಿನ ಬಳಸಿ. ಕ್ಯಾನನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಬೇಸಿಗೆಯಲ್ಲಿ ಒಳಗಿನದು ಬೇಗ ಸತ್ವ ಕಳೆದುಕೊಳ್ಳುತ್ತದೆ, ವಾಸನೆ ಇದೆ ಎಂದ ಮಾತ್ರಕ್ಕೆ ಶಕ್ತಿ ಇದೆ ಎಂದಲ್ಲ.

ಮೋಟರ್ ಇರುವ, ಕುರ್ಚಿ ಎತ್ತರಕ್ಕೆ ಇಳಿಯುವ ಟೇಬಲ್ ಹಲವು ಪಟ್ಟು ದುಬಾರಿ. ಗಾಲಿಕುರ್ಚಿಯಲ್ಲಿ ಬರುವವರು, ಎಲುಬಿನ ರೋಗಿಗಳು, ಗರ್ಭಿಣಿಯರು ಹೆಚ್ಚಿರುವಲ್ಲಿ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಗಾದಿ 18-19 ಇಂಚಿಗೆ ಇಳಿಯಬೇಕು, 24ಕ್ಕೇ ನಿಲ್ಲುವ ಮಾದರಿ ದುಡ್ಡು ದಂಡ. ಹೆಸ್ಕಾಂ ಕರೆಂಟ್ ಹೋದಾಗ ಮೇಲೆ ಮಲಗಿದವರನ್ನು ಇಳಿಸಲು ಬ್ಯಾಟರಿ ಇದೆಯೇ ಎಂದು ಪ್ಲಗ್ ಕಿತ್ತು ಪರೀಕ್ಷಿಸಿ.

ಸಾದಾ ಟೇಬಲ್ ಕೊಂಡು ಉಳಿಸಿದ ದುಡ್ಡಿನಲ್ಲಿ ಮೊದಲ ಪಾಲು ಪಡದೆಗೆ. ಮೂರು ಮಡಿಕೆಯ ಸ್ಕ್ರೀನ್ ಫ್ಯಾನಿನ ಗಾಳಿಗೆ ಸರಿದು ಸರಿದು ಒಂದಿನ ಬೀಳುತ್ತದೆ. ಛಾವಣಿಗೆ ರೈಲ್ ಹಾಕಿಸಿ. ಗಂಡು ಡಾಕ್ಟರು ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಹಕ್ಕುಪಟ್ಟಿಯಲ್ಲೇ ಇದೆ. ಪಡದೆಯೊಳಗೆ ಡಾಕ್ಟರಿಗೆ ಬಲಗಡೆ 3 ಅಡಿ, ಕಾಲಿನ ಕಡೆ ಆ ಹೆಣ್ಣುಮಗಳು ನಿಲ್ಲಲು 2 ಅಡಿ ಬಿಟ್ಟೇ ರೈಲ್ ಅಳತೆ ತೆಗೆಯಬೇಕು. ಪಡದೆಯ ಬಣ್ಣ ಬಿಳಿ ಅಥವಾ ತಿಳಿ ಬೂದಿ. ನೀಲಿ ಪಡದೆಯ ಮೂಲಕ ಬಿಸಿಲು ಬಂದರೆ ಆರೋಗ್ಯವಾಗಿದ್ದವರ ತುಟಿಯೂ ನೀಲಿ ಕಾಣುತ್ತದೆ. ಹಳದಿ ಬಲ್ಬಿನ ಕೆಳಗೆ ಕಾಮಾಲೆಯ ಕಣ್ಣು ಕಾಣುವುದೇ ಇಲ್ಲ, ಹಾಗಾಗಿ ಲೈಟು 4000-5000 ಕೆಲ್ವಿನ್ (ಬಿಳಿ ಬೆಳಕು), ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿನದು.

ಆರ್ಡರ್ ಕೊಡುವಾಗ ಅದೇ ರೆಕ್ಸಿನ್ನಿನ ಎರಡೂವರೆ ಮೀಟರ್ ಹೆಚ್ಚಿಗೆ ಕೇಳಿ ತಗೊಳ್ಳಿ, ಮಡಚದೆ ಸುರುಳಿ ಸುತ್ತಿ ಇಡಿ. ಗಾದಿ ಹಲಗೆ ಚೌಕಟ್ಟಿಗೆ ರಿವೆಟ್ಟಿನಿಂದಲ್ಲ, ಬೋಲ್ಟಿನಿಂದ ಕೂತಿರಬೇಕು, ಆಗ ಸೋಫಾ ರಿಪೇರಿಯವರು ರವಿವಾರ ಬಂದು ಬಿಚ್ಚಿಕೊಂಡು ಹೋಗಿ ಸೋಮವಾರ ಬೆಳಿಗ್ಗೆಗೆ ಹೊಸ ಹೊದಿಕೆ ಹಾಕಿ ತಂದು ಕೂಡಿಸುತ್ತಾರೆ. ಬೋಲ್ಟುಗಳಿಗೆ ನೈಲಾನ್ ಇರುವ ನಟ್ ಹಾಕಿಸಿ. ಟೆಂಪೋದಲ್ಲಿ ಕುಲುಕಿ ಬಂದ ಟೇಬಲ್ಲಿನ ನಟ್ಟುಗಳನ್ನು ಇಳಿಸಿಕೊಂಡ ದಿನ ಒಮ್ಮೆ, ತಿಂಗಳಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.